ಹಣ ಮಳೆಗಿಂತ ಮೊದಲು ತಲುಪಬೇಕು: ಮಲೇರಿಯಾ ಕಾರ್ಯಕ್ರಮಕ್ಕೆ ನೆರವು ಕೊಡುವ ಬಗೆ

ಮಲೇರಿಯಾ ತಡೆಗೆ ನೆರವು ಕೇಳಿದ ಅರ್ಜಿ ಕೈಗೆ ಬಂದರೆ ನಾನು ಮೊದಲು ಓದುವುದು ಕೊನೆಯ ಹಾಳೆ, ಅಂದರೆ ಬಜೆಟ್. ಅದರಲ್ಲಿ ಎರಡೇ ವಿಷಯ ಹುಡುಕುತ್ತೇನೆ. ಜಿಲ್ಲಾ ಗೋದಾಮಿನಿಂದ ಹಳ್ಳಿಯವರೆಗಿನ ಸಾಗಣೆಗೆ ಎಷ್ಟು ಇಟ್ಟಿದ್ದಾರೆ? ಸಾಮಾನು ಹಳ್ಳಿ ಮುಟ್ಟುವ ತಿಂಗಳು ಯಾವುದು, ಅಲ್ಲಿ ಮಳೆ ಹಿಡಿಯುವ ತಿಂಗಳು ಯಾವುದು? ಈ ಎರಡಕ್ಕೆ ಉತ್ತರ ಸಿಕ್ಕ ಮೇಲೆಯೇ ಉಳಿದ ನಲವತ್ತು ಪುಟ ತಿರುವುವುದು.

ಈ ಅಭ್ಯಾಸ ಬಂದದ್ದು ಒಂದು ಗೋದಾಮಿನಿಂದ. ಪೂರ್ವ ಆಫ್ರಿಕಾದ ಒಂದು ಜಿಲ್ಲೆಯಲ್ಲಿ ಸೊಳ್ಳೆಪರದೆ ಹಂಚಿಕೆಯ ಲೆಕ್ಕಪತ್ರ ನೋಡಿಕೊಳ್ಳಲು ನಾನು ಸೇರಿದ ಮೊದಲ ವರ್ಷ ಅದು. ಪರದೆಗಳು ಬಂದರಿನಿಂದ ಹೇಳಿದ ಹೊತ್ತಿಗೇ ಬಂದು ಇಳಿದಿದ್ದವು. ಐವತ್ತೈವತ್ತು ಪರದೆಯ ಮೂಟೆಗಳು, ನೆಲದಿಂದ ಸೂರಿನವರೆಗೆ. ಅಷ್ಟರಲ್ಲಿ ಡೀಸೆಲ್ ದರ ಏರಿ, ಸಾಗಣೆಗೆ ಇಟ್ಟಿದ್ದ ಹಣ ಅರ್ಧ ಊರುಗಳಿಗೂ ಸಾಲದಾಯಿತು. ತರಬೇತಿಯ ಬಾಬ್ತಿನಲ್ಲಿ ಹಣ ಉಳಿದಿತ್ತು. ಅದನ್ನು ಸಾಗಣೆಗೆ ತಿರುಗಿಸಬೇಕಾದರೆ ಹಣ ಕೊಟ್ಟವರ ಲಿಖಿತ ಒಪ್ಪಿಗೆ ಬೇಕು ಎಂದು ಒಪ್ಪಂದದಲ್ಲಿ ಬರೆದಿತ್ತು. ಆ ಒಪ್ಪಿಗೆ ಬರಲು ಹನ್ನೊಂದು ವಾರ ಹಿಡಿಯಿತು. ಅಷ್ಟು ಹೊತ್ತಿಗೆ ಮಳೆ ಹಿಡಿದು ಹೊಳೆಯಾಚೆಯ ಊರುಗಳ ದಾರಿ ಮುಚ್ಚಿಹೋಗಿತ್ತು. ಗೋದಾಮಿನ ಬಾಗಿಲ ಹಿಂದೆ ಮೊಳೆಗೆ ತೂಗುಹಾಕಿದ್ದ ದಾಸ್ತಾನು ಕಾರ್ಡ್ ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ‘ಬಂದದ್ದು’ ಎಂಬ ಕಾಲಂ ತುಂಬಿತ್ತು, ‘ಹೋದದ್ದು’ ಎಂಬ ಕಾಲಂ ಖಾಲಿ. ಅಲ್ಲಿಂದ ಇನ್ನೂರು ಹೆಜ್ಜೆ ದೂರದ ಆರೋಗ್ಯ ಕೇಂದ್ರದಲ್ಲಿ ಒಂದೇ ಹಾಸಿಗೆಯ ಮೇಲೆ ಇಬ್ಬಿಬ್ಬರು ಮಕ್ಕಳು ಜ್ವರದಲ್ಲಿ ಮಲಗಿದ್ದರು. ಯಾರೂ ಹಣ ಕದ್ದಿರಲಿಲ್ಲ, ಯಾರೂ ಸುಳ್ಳು ಲೆಕ್ಕ ಬರೆದಿರಲಿಲ್ಲ. ಪರದೆ ಇತ್ತು, ಹಣ ಇತ್ತು, ಜನ ಕಾಯುತ್ತಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಆಮೇಲಿನ ಹಲವು ವರ್ಷ ನಾನು ಒಂದು ಸಣ್ಣ ನಿಧಿಗಾಗಿ ಇಂಥ ಅರ್ಜಿಗಳನ್ನು ಪರಿಶೀಲಿಸಿದ್ದೇನೆ. ಕುಟುಂಬದ ಟ್ರಸ್ಟ್ ನಡೆಸುವವರು, ಕಂಪನಿಯ ಸಾಮಾಜಿಕ ನಿಧಿ ನೋಡಿಕೊಳ್ಳುವವರು, ಹತ್ತಾರು ಗೆಳೆಯರು ಸೇರಿ ವರ್ಷಕ್ಕೊಮ್ಮೆ ಒಂದು ಮೊತ್ತ ಕೂಡಿಸುವವರು ಆಗಾಗ ಸಲಹೆ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಜಾಗ, ಆಮೇಲೆ ಸಾಮಾನು

2023ರಲ್ಲಿ ಜಗತ್ತಿನಲ್ಲಿ ಸುಮಾರು 26.3 ಕೋಟಿ ಮಲೇರಿಯಾ ಪ್ರಕರಣಗಳಾದವು, 5.97 ಲಕ್ಷ ಜನ ಸತ್ತರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಸಾವುಗಳಲ್ಲಿ ನೂರಕ್ಕೆ 95 ಆಫ್ರಿಕಾ ವಲಯದವು, ಅಲ್ಲಿ ಸತ್ತ ನಾಲ್ವರಲ್ಲಿ ಮೂವರು ಐದು ವರ್ಷದೊಳಗಿನ ಮಕ್ಕಳು. ಒಟ್ಟು ಪ್ರಕರಣಗಳ ಕಾಲು ಭಾಗ ನೈಜೀರಿಯಾ ಒಂದರಲ್ಲೇ ಇದೆ. ಆಮೇಲಿನ ದೊಡ್ಡ ಪಾಲು ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದ್ದು. ಆ ವರ್ಷ ಬೇಕಿದ್ದ ಹಣ 830 ಕೋಟಿ ಡಾಲರ್, ಬಂದದ್ದು 400 ಕೋಟಿ. ಅಂದರೆ ಅರ್ಧಕ್ಕಿಂತ ಹೆಚ್ಚು ಕೊರತೆ. ನಿಮ್ಮ ಹಣ ಹೋಗಿ ಸೇರುವುದು ಈ ಹಳ್ಳಕ್ಕೆ. ಎಲ್ಲಿ ಸುರಿದರೆ ನಿಲ್ಲುತ್ತದೆ ಎನ್ನುವುದನ್ನು ನೋಡಿ ಸುರಿಯಬೇಕು.

ದೇಶದ ಹೆಸರು ಕೇಳಿ ತೃಪ್ತರಾಗಬೇಡಿ, ಜಿಲ್ಲೆ ಕೇಳಿ. ಕೀನ್ಯಾದಲ್ಲಿ ವಿಕ್ಟೋರಿಯಾ ಸರೋವರದ ಅಂಚಿನ ಊರುಗಳಲ್ಲಿ ಮಲೇರಿಯಾ ವರ್ಷವಿಡೀ ಇರುತ್ತದೆ, ರಾಜಧಾನಿ ನೈರೋಬಿಯಲ್ಲಿ ಅತಿ ಕಡಿಮೆ. ಸರೋವರದ ಸೀಮೆಗೆ ಒಪ್ಪುವ ಯೋಜನೆಯನ್ನು ಬೆಟ್ಟದ ಸೀಮೆಗೆ ಹಾಕಿದರೆ ಹಣ ವ್ಯರ್ಥ. ಪ್ರತಿ ದೇಶದ ರಾಷ್ಟ್ರೀಯ ಮಲೇರಿಯಾ ಕಾರ್ಯಕ್ರಮದ ಬಳಿ ಜಿಲ್ಲಾವಾರು ನಕ್ಷೆ ಇರುತ್ತದೆ: ಎಲ್ಲಿ ಎಷ್ಟು ಸೋಂಕು, ಯಾವ ತಿಂಗಳು ಏರುತ್ತದೆ, ಅಲ್ಲಿನ ಸೊಳ್ಳೆ ಯಾವ ಕೀಟನಾಶಕಕ್ಕೆ ಬಗ್ಗುವುದಿಲ್ಲ. ಅರ್ಜಿ ಹಾಕಿದವರು ಆ ನಕ್ಷೆಯ ಮೇಲೆ ತಮ್ಮ ಜಿಲ್ಲೆಯನ್ನು ಬೆರಳಿಟ್ಟು ತೋರಿಸಬೇಕು. ತೋರಿಸಲಾಗದಿದ್ದರೆ ಅವರು ಅಲ್ಲಿನ ಸರ್ಕಾರಿ ಕಾರ್ಯಕ್ರಮದೊಂದಿಗೆ ಮಾತಾಡಿಲ್ಲ ಎಂದೇ ತಿಳಿಯಿರಿ.

ಎರಡನೆಯ ಪ್ರಶ್ನೆ: ಈಗಾಗಲೇ ಯಾರು ಏನು ಕೊಡುತ್ತಿದ್ದಾರೆ? ಮಲೇರಿಯಾಕ್ಕೆ ಹೊರಗಿನಿಂದ ಬರುವ ಹಣದಲ್ಲಿ ಸಿಂಹಪಾಲು 2002ರಲ್ಲಿ ಶುರುವಾದ ಅಂತರರಾಷ್ಟ್ರೀಯ ನಿಧಿ ಗ್ಲೋಬಲ್ ಫಂಡ್‌ನದು. ಅದರ ಅನುದಾನ ಮೂರು ವರ್ಷದ ಅವಧಿಗೆ ಇರುತ್ತದೆ. ಅಮೆರಿಕ 2005ರಲ್ಲಿ ತನ್ನದೇ ಮಲೇರಿಯಾ ಯೋಜನೆ ಆರಂಭಿಸಿತು. ಲಸಿಕೆಯ ಹಣ ಗಾವಿ ಎಂಬ ಅಂತರರಾಷ್ಟ್ರೀಯ ಲಸಿಕೆ ಒಕ್ಕೂಟದ ಮೂಲಕ ಬರುತ್ತದೆ. ಇವುಗಳ ಜೊತೆಗೆ ಆಯಾ ದೇಶದ ಸ್ವಂತ ಬಜೆಟ್ ಇದೆ. ಇವೆಲ್ಲ ಸೇರಿ ಎಷ್ಟು ತುಂಬಿದೆ, ಎಷ್ಟು ಖಾಲಿ ಇದೆ ಎಂಬ ಕೊರತೆ ಪಟ್ಟಿಯನ್ನು ರಾಷ್ಟ್ರೀಯ ಕಾರ್ಯಕ್ರಮದವರು ಇಟ್ಟಿರುತ್ತಾರೆ. ಅದನ್ನು ತರಿಸಿಕೊಳ್ಳಿ. ಗ್ಲೋಬಲ್ ಫಂಡ್ ಹೇಗೂ ಕೊಳ್ಳಲಿದ್ದ ಪರದೆಯನ್ನೇ ನೀವೂ ಕೊಂಡರೆ ಒಂದು ಮಗುವೂ ಹೆಚ್ಚಿಗೆ ಪರದೆಯೊಳಗೆ ಮಲಗುವುದಿಲ್ಲ. ಸಣ್ಣ ನಿಧಿಗಳಿಗೆ ಆ ಪಟ್ಟಿಯಲ್ಲಿ ಜಾಗ ಸಿಗುವುದು ಹೆಚ್ಚಾಗಿ ಫೋಟೊಕ್ಕೆ ಒಗ್ಗದ ಬಾಬ್ತುಗಳಲ್ಲಿ: ಲಾರಿ ಬಾಡಿಗೆ, ಸ್ವಯಂಸೇವಕರ ಭತ್ಯೆ, ಮೇಲ್ವಿಚಾರಕರ ಬೈಕಿಗೆ ಪೆಟ್ರೋಲ್, ಗೋದಾಮಿನ ಸೂರು ರಿಪೇರಿ. ನನ್ನನ್ನು ಕೇಳಿದರೆ ಅಲ್ಲೇ ಹಾಕಿ ಎನ್ನುತ್ತೇನೆ.

ಪರದೆಗೆ ಹಣ ಕೊಡುವಾಗ

2000ದಿಂದ 2015ರವರೆಗೆ ಆಫ್ರಿಕಾದಲ್ಲಿ ತಪ್ಪಿಸಲಾದ ಮಲೇರಿಯಾ ಪ್ರಕರಣಗಳಲ್ಲಿ ನೂರಕ್ಕೆ 68ರಷ್ಟು ಕೀಟನಾಶಕ ಲೇಪಿತ ಪರದೆಗಳಿಂದಲೇ ತಪ್ಪಿದವು ಎಂದು 2015ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯೊಂದು ಲೆಕ್ಕ ಹಾಕಿದೆ. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ಹೆಚ್ಚಾಗಿ ರಾತ್ರಿ, ಜನ ಮಲಗಿರುವಾಗ ಕಚ್ಚುತ್ತದೆ. ಪರದೆ ಅದನ್ನು ತಡೆಯುತ್ತದೆ, ಮೇಲೆ ಕೂತರೆ ಕೊಲ್ಲುತ್ತದೆ. ಒಂದು ಪರದೆಯ ಖರೀದಿ ಬೆಲೆ ಸುಮಾರು ಎರಡು ಡಾಲರ್. ಹಂಚುವ ಖರ್ಚು ಬೇರೆ, ಅದು ಬಹಳ ಸಲ ಪರದೆಯ ಬೆಲೆಯನ್ನೇ ಮೀರುತ್ತದೆ. ‘ಎರಡು ಡಾಲರ್ ಕೊಡಿ, ಒಂದು ಜೀವ ಉಳಿಸಿ’ ಎಂಬ ಮನವಿ ಬಂದರೆ ನಂಬಬೇಡಿ. ದಾನದ ಫಲವನ್ನು ಅಳೆಯುವ ಗಿವ್‌ವೆಲ್‌ನಂಥ ಸಂಸ್ಥೆಗಳ ಪ್ರಕಾರ ಪರದೆಯ ಮೂಲಕ ಒಂದು ಜೀವ ಉಳಿಸಲು ಕೆಲವು ಸಾವಿರ ಡಾಲರ್ ಬೇಕು. ಏಕೆಂದರೆ ನೂರಾರು ಪರದೆ ಕೊಟ್ಟಾಗ ಎಲ್ಲೋ ಒಂದು ಸಾವು ತಪ್ಪುತ್ತದೆ. ಆ ಒಂದು ಯಾವ ಮನೆಯದೆಂದು ಯಾರಿಗೂ ತಿಳಿಯುವುದಿಲ್ಲ. ಇದನ್ನು ದಾನಿಗಳ ಮುಂದೆ ನೇರವಾಗಿ ಹೇಳುವ ಸಂಸ್ಥೆಯ ಮೇಲೆ ನನಗೆ ವಿಶ್ವಾಸ ಹೆಚ್ಚು.

ಯಾವ ಪರದೆ ಎನ್ನುವುದು ಈಗ ದೊಡ್ಡ ಪ್ರಶ್ನೆ. ಹಳೆಯ ಪರದೆಗಳಲ್ಲಿ ಇದ್ದದ್ದು ಪೈರೆಥ್ರಾಯ್ಡ್ ಎಂಬ ಒಂದೇ ವರ್ಗದ ಕೀಟನಾಶಕ. ಆಫ್ರಿಕಾದ ಬಹುಪಾಲು ಕಡೆ ಸೊಳ್ಳೆಗಳು ಅದನ್ನು ಅರಗಿಸಿಕೊಳ್ಳಲು ಕಲಿತಿವೆ. ಆ ಶಕ್ತಿ ಕುಂದಿಸುವ ಪಿಬಿಒ ಎಂಬ ರಾಸಾಯನಿಕ ಸೇರಿಸಿದ ಪರದೆ ಬಂತು, ಆಮೇಲೆ ಕ್ಲೋರ್‌ಫೆನಾಪೈರ್ ಎಂಬ ಎರಡನೆಯ ಕೀಟನಾಶಕ ಇರುವ ಪರದೆ ಬಂತು. ಟಾಂಜಾನಿಯಾದ ಮಿಸುಂಗ್ವಿ ಜಿಲ್ಲೆಯಲ್ಲಿ ನಡೆದ ಪ್ರಯೋಗದಲ್ಲಿ, ಹಳೆಯ ಪರದೆಗೆ ಹೋಲಿಸಿದರೆ ಕ್ಲೋರ್‌ಫೆನಾಪೈರ್ ಪರದೆ ಕೊಟ್ಟ ಊರುಗಳ ಮಕ್ಕಳಲ್ಲಿ ಎರಡು ವರ್ಷದಲ್ಲಿ ಪ್ರಕರಣಗಳು ನೂರಕ್ಕೆ 44ರಷ್ಟು ಕಡಿಮೆಯಾದವು. 2023ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಶಿಫಾರಸು ಕೊಟ್ಟಿತು. ಇದರ ಬೆಲೆ ಸ್ವಲ್ಪ ಹೆಚ್ಚು. ಅಗ್ಗದ ಹಳೆಯ ಪರದೆ ಕೊಂಡು ಹೆಚ್ಚು ಮನೆಗೆ ಹಂಚುತ್ತೇವೆ ಎಂದು ಅರ್ಜಿಯಲ್ಲಿ ಬರೆದಿದ್ದರೆ, ಆ ಜಿಲ್ಲೆಯ ಸೊಳ್ಳೆಯ ಪ್ರತಿರೋಧ ಪರೀಕ್ಷೆಯ ವರದಿ ಕೇಳಿ. ಪರದೆಯ ಎಣಿಕೆ ದೊಡ್ಡದು ಮಾಡಲು ಹೋಗಿ ಸೊಳ್ಳೆಗೆ ಏನೂ ಆಗದ ಬಟ್ಟೆ ಹಂಚಿದವರನ್ನು ನೋಡಿದ್ದೇನೆ.

ಪರದೆಯನ್ನು ಉಚಿತವಾಗಿಯೇ ಕೊಡಬೇಕು. ‘ಸ್ವಲ್ಪ ದುಡ್ಡು ಕೊಟ್ಟು ಕೊಂಡರೆ ಜನ ಬೆಲೆ ತಿಳಿದು ಬಳಸುತ್ತಾರೆ’ ಎಂಬ ಮಾತು ಪ್ರತಿ ಸಮಿತಿಯಲ್ಲೂ ಒಬ್ಬರಿಂದ ಬಂದೇ ಬರುತ್ತದೆ. ಕೀನ್ಯಾದಲ್ಲಿ ಗರ್ಭಿಣಿಯರ ತಪಾಸಣಾ ಕೇಂದ್ರಗಳಲ್ಲಿ ಇದನ್ನು ಪ್ರಯೋಗ ಮಾಡಿಯೇ ನೋಡಿದರು, ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಉಚಿತವಿದ್ದ ಪರದೆಗೆ 60 ಸೆಂಟ್‌ನಷ್ಟು ಬೆಲೆ ಇಟ್ಟ ಕೂಡಲೇ ಒಯ್ಯುವವರ ಪ್ರಮಾಣ 60 ಶೇಕಡಾ ಅಂಶಗಳಷ್ಟು ಕುಸಿಯಿತು. ದುಡ್ಡು ಕೊಟ್ಟವರು ಉಚಿತವಾಗಿ ಪಡೆದವರಿಗಿಂತ ಹೆಚ್ಚು ಬಳಸಿದರು ಎಂದೇನೂ ಇಲ್ಲ. ಈ ವಾದವನ್ನು ಇಲ್ಲಿಗೇ ಬಿಡಬಹುದು.

ಲೆಕ್ಕ ನೋಡುವಾಗ 1.8 ಎಂಬ ಸಂಖ್ಯೆ ನೆನಪಿರಲಿ. ಇಬ್ಬರಿಗೆ ಒಂದು ಪರದೆ ಎಂಬುದು ಗುರಿ. ಆದರೆ ಮೂವರು, ಐವರು ಇರುವ ಮನೆಗಳಿಗೆ ಒಂದು ಹೆಚ್ಚಿಗೆ ಬೇಕಾಗುವುದರಿಂದ ಖರೀದಿಯನ್ನು 1.8 ಜನರಿಗೆ ಒಂದರಂತೆ ಮಾಡಬೇಕು. ಜನಸಂಖ್ಯೆಯನ್ನು ನೇರವಾಗಿ ಎರಡರಿಂದ ಭಾಗಿಸಿದ ಅರ್ಜಿ ಬಂದರೆ ಹಂಚಿಕೆಯ ಕೊನೆಯ ದಿನ ಸಾಲಿನ ಕೊನೆಯವರಿಗೆ ಪರದೆ ಇರುವುದಿಲ್ಲ. ಆ ಕೊನೆಯವರು ಸಾಮಾನ್ಯವಾಗಿ ದೂರದ ಊರಿನಿಂದ ನಡೆದು ಬಂದವರು.

ಇನ್ನೊಂದು ಸಣ್ಣ ಸಂಗತಿಯನ್ನು ಬಿಡಿಸಿ ಹೇಳಬೇಕು. ಹೊಸ ಪರದೆಯ ಪ್ಯಾಕೆಟ್ ಹರಿದ ಕೂಡಲೇ ಮದ್ದಿನ ಘಾಟು ಮೂಗಿಗೆ ಹೊಡೆಯುತ್ತದೆ. ಅದೇ ರಾತ್ರಿ ಕಟ್ಟಿ ಮಲಗಿದರೆ ಮುಖ ಚುರುಚುರು ಎನ್ನುತ್ತದೆ, ಕಣ್ಣು ಉರಿಯುತ್ತದೆ. ಒಬ್ಬ ತಾಯಿ ತನ್ನ ಮಗುವಿನ ಕೆಂಪಾದ ಕೆನ್ನೆ ತೋರಿಸಿ, ಇದು ವಿಷ ಎಂದು ಪರದೆಯನ್ನು ಮಡಚಿ ಅಟ್ಟಕ್ಕೆ ಹಾಕಿದ್ದನ್ನು ನಾನು ನೋಡಿದೆ. ಪರದೆಯನ್ನು ಒಂದು ದಿನ ನೆರಳಿನಲ್ಲಿ ಹರವಿ ಗಾಳಿಯಾಡಲು ಬಿಟ್ಟರೆ ಆ ತೊಂದರೆ ಇರುವುದಿಲ್ಲ. ಬಿಸಿಲಿಗೆ ಹಾಕಬಾರದು, ಮದ್ದು ಹಾಳಾಗುತ್ತದೆ. ಈ ಎರಡು ಮಾತನ್ನು ಆಕೆಗೆ ಯಾರೂ ಹೇಳಿರಲಿಲ್ಲ, ಏಕೆಂದರೆ ಹಂಚುವವರ ತರಬೇತಿಯನ್ನು ಎರಡು ದಿನದಿಂದ ಅರ್ಧ ದಿನಕ್ಕೆ ಇಳಿಸಿ ಹಣ ಉಳಿಸಲಾಗಿತ್ತು. ತರಬೇತಿಯ ಬಾಬ್ತು ಕಡಿತ ಮಾಡುವ ಮೊದಲು ಆ ಅಟ್ಟವನ್ನು ನೆನೆಯಿರಿ.

ಮಳೆಗಾಲದ ಮಾತ್ರೆ

ಸಹಾರಾದ ದಕ್ಷಿಣ ಅಂಚಿನ ಸಹೇಲ್ ಪ್ರದೇಶದಲ್ಲಿ ಮಲೇರಿಯಾ ಮಳೆಯ ನಾಲ್ಕೈದು ತಿಂಗಳಿಗೆ ಗಂಟುಬಿದ್ದ ರೋಗ. ಆ ತಿಂಗಳುಗಳಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ತಿಂಗಳಿಗೊಮ್ಮೆ ತಡೆಮಾತ್ರೆ ಕೊಡುವ ಪದ್ಧತಿಗೆ 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು ಸಿಕ್ಕಿತು. ಪ್ರಯೋಗಗಳಲ್ಲಿ ಇದು ಪ್ರಕರಣಗಳನ್ನು ಮುಕ್ಕಾಲು ಪಾಲು ತಗ್ಗಿಸಿದೆ. ಇಡೀ ಮಳೆಗಾಲಕ್ಕೆ ಒಂದು ಮಗುವಿಗೆ ತಗಲುವ ಖರ್ಚು ಹತ್ತು ಡಾಲರ್‌ನೊಳಗೆ. ಹಣಕ್ಕೆ ಇಷ್ಟು ಫಲ ಕೊಡುವ ಕೆಲಸ ಆರೋಗ್ಯ ಕ್ಷೇತ್ರದಲ್ಲಿ ಬಹಳ ಇಲ್ಲ.

ಕೆಲಸ ನಡೆಯುವುದು ಮನೆಯಂಗಳದಲ್ಲಿ. ಸ್ವಯಂಸೇವಕಿ ಮಾತ್ರೆಗಳನ್ನು ಸಣ್ಣ ಲೋಟದ ನೀರಿನಲ್ಲಿ ಕದಡುತ್ತಾಳೆ, ತಾಯಿ ಚಮಚದಿಂದ ಕುಡಿಸುತ್ತಾಳೆ. ಎರಡು ಔಷಧಗಳಲ್ಲಿ ಒಂದಾದ ಅಮೊಡಯಾಕ್ವಿನ್ ಕಹಿ. ಮಗು ಮುಖ ಕಿವುಚುತ್ತದೆ, ಕೆಲವು ಉಗುಳುತ್ತವೆ, ಕೆಲವು ವಾಂತಿ ಮಾಡುತ್ತವೆ. ಅರ್ಧ ಗಂಟೆ ಕಾದು ನೋಡಬೇಕು, ಅಷ್ಟರೊಳಗೆ ವಾಂತಿಯಾದರೆ ಇನ್ನೊಮ್ಮೆ ಕೊಡಬೇಕು. ಮರುದಿನ ಮತ್ತು ಮೂರನೆಯ ದಿನದ ಅಮೊಡಯಾಕ್ವಿನ್ ಮಾತ್ರೆಯನ್ನು ತಾಯಿಯೇ ಕುಡಿಸಬೇಕು.

ಈಗ ಇದನ್ನು ಬಜೆಟ್ಟಿಗೆ ತಂದು ನೋಡಿ. ಒಂದು ಜೋಡಿ ಸ್ವಯಂಸೇವಕರು ದಿನಕ್ಕೆ ಎಷ್ಟು ಮಕ್ಕಳನ್ನು ಮುಟ್ಟುತ್ತಾರೆ ಎಂದು ಬರೆದಿದ್ದಾರೆ? ಆ ಸಂಖ್ಯೆಯಲ್ಲಿ ಅರ್ಧ ಗಂಟೆಯ ಕಾಯುವಿಕೆಗೆ ಜಾಗ ಇದೆಯೇ? ಉಗುಳಿದ ಮಾತ್ರೆಗೆ ಬದಲಿ ದಾಸ್ತಾನು ಇದೆಯೇ? ಎರಡನೆಯ, ಮೂರನೆಯ ದಿನದ ಮಾತ್ರೆ ಕುಡಿಸಿದರೇ ಎಂದು ಕೆಲವು ಮನೆಗಾದರೂ ಹಿಂತಿರುಗಿ ಹೋಗಿ ನೋಡುವವರ ಕೂಲಿ ಎಲ್ಲಿದೆ? ದಿನದ ಗುರಿಯನ್ನು ಹಿಗ್ಗಿಸಿ ತಲಾ ಖರ್ಚು ಇಳಿಸಿದ ಅರ್ಜಿ ಕಾಗದದ ಮೇಲೆ ಚೆಂದ ಕಾಣುತ್ತದೆ. ಅಂಗಳದಲ್ಲಿ ಅದರ ಅರ್ಥ, ಮಾತ್ರೆಯನ್ನು ತಾಯಿಯ ಕೈಗಿಟ್ಟು ಮುಂದಿನ ಮನೆಗೆ ಓಡುವುದು.

ಭತ್ಯೆಯ ವಿಷಯದಲ್ಲಿ ನಾನು ಹಟಮಾರಿ. ಮೊದಲ ಸುತ್ತಿನ ಭತ್ಯೆ ಎರಡನೆಯ ಸುತ್ತಿಗೆ ಮೊದಲೇ ಕೈ ಸೇರಬೇಕು. ಅದು ಮಳೆಗಾಲ, ಹೊಲದ ಕೆಲಸದ ಕಾಲ. ತನ್ನ ಹೊಲ ಬಿಟ್ಟು ಮನೆಮನೆ ತಿರುಗಿದ ಹೆಣ್ಣುಮಗಳಿಗೆ ದುಡ್ಡು ಬರದಿದ್ದರೆ ಮುಂದಿನ ತಿಂಗಳು ಆಕೆ ಬರುವುದಿಲ್ಲ, ಬರಬೇಕೆಂದು ಕೇಳುವ ಹಕ್ಕು ನಮಗೂ ಇಲ್ಲ.

ಚಿಕಿತ್ಸೆ: ಸರಪಳಿಯ ಎಲ್ಲ ಕೊಂಡಿಗೂ ಹಣ ಬೇಕು

ರಕ್ತದ ಒಂದು ಹನಿಯಲ್ಲಿ ಕಾಲು ಗಂಟೆಗೆ ಉತ್ತರ ಹೇಳುವ ಪರೀಕ್ಷಾ ಕಿಟ್, ಆರ್ಟೆಮಿಸಿನಿನ್ ಆಧಾರಿತ ಜೋಡಿ ಮಾತ್ರೆ, ತೀವ್ರ ಮಲೇರಿಯಾಕ್ಕೆ ಆರ್ಟೆಸುನೇಟ್ ಚುಚ್ಚುಮದ್ದು. ಇವು ಮೂರೂ ಒಂದೇ ಕಡೆ, ಒಂದೇ ಹೊತ್ತಿಗೆ ಇರಬೇಕು. ಆಫ್ರಿಕಾದ ಮಕ್ಕಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕ್ವಿನೈನ್ ಬದಲು ಆರ್ಟೆಸುನೇಟ್ ಚುಚ್ಚಿದಾಗ ಸಾವು ನೂರಕ್ಕೆ 22ಕ್ಕಿಂತ ಹೆಚ್ಚು ಕಡಿಮೆಯಾಯಿತು. ಆದರೆ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಮಗು ತಲುಪಬೇಕಲ್ಲ.

ಈ ಪಾಠವನ್ನು ಒಂದು ಒಳ್ಳೆಯ ಔಷಧವೇ ಕಲಿಸಿತು. ದೂರದ ಹಳ್ಳಿಯಲ್ಲಿ ಮಗುವಿಗೆ ಫಿಟ್ಸ್ ಬಂದು ಬಾಯಿಂದ ಏನೂ ನುಂಗಲಾಗದಿದ್ದರೆ ಗುದದ್ವಾರದಲ್ಲಿ ಇಡುವ ಆರ್ಟೆಸುನೇಟ್ ಇದೆ. ಆಸ್ಪತ್ರೆಗೆ ಹೋಗುವಷ್ಟು ಹೊತ್ತು ಜೀವ ಹಿಡಿದಿಡಲು. 2018ರಿಂದ 2020ರವರೆಗೆ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯ, ನೈಜೀರಿಯಾ, ಉಗಾಂಡಾಗಳಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟು ನೋಡಿದಾಗ ಸಾವು ಇಳಿಯಲಿಲ್ಲ. ಹಲವು ಮಕ್ಕಳು ಮುಂದಿನ ಆಸ್ಪತ್ರೆಗೆ ಹೋಗಲೇ ಇಲ್ಲ, ಹೋದವರಲ್ಲೂ ಹಲವರಿಗೆ ಪೂರ್ತಿ ಚಿಕಿತ್ಸೆ ಸಿಗಲಿಲ್ಲ. ಆದ್ದರಿಂದ ಇಂಥ ಔಷಧಕ್ಕೆ ಹಣ ಕೇಳಿದರೆ ನಾನು ಮರುಪ್ರಶ್ನೆ ಕೇಳುತ್ತೇನೆ: ಹಳ್ಳಿಯಿಂದ ಆಸ್ಪತ್ರೆಗೆ ಬೈಕ್ ಬಾಡಿಗೆ ಯಾರು ಕೊಡುತ್ತಾರೆ? ಆಸ್ಪತ್ರೆಯಲ್ಲಿ ರಕ್ತಹೀನವಾದ ಮಗುವಿಗೆ ಕೊಡಲು ರಕ್ತ ಇದೆಯೇ? ತಾಯಿ ಉಳಿದುಕೊಳ್ಳುವ ಎರಡು ದಿನ ಆಕೆಗೆ ಊಟ ಇದೆಯೇ? ಊಟ ಇಲ್ಲದ ಕಾರಣಕ್ಕೆ ಮಗುವನ್ನು ಎತ್ತಿಕೊಂಡು ಅರ್ಧಕ್ಕೇ ಮನೆಗೆ ಹೋದವರು ಎಷ್ಟೋ ಮಂದಿ.

ಪರೀಕ್ಷಾ ಕಿಟ್ ಕೊಳ್ಳುವಾಗ ಒಂದು ಎಚ್ಚರ. ಹೆಚ್ಚಿನ ಕಿಟ್‌ಗಳು ರೋಗಾಣು ಬಿಡುವ ಎಚ್‌ಆರ್‌ಪಿ2 ಎಂಬ ಪ್ರೋಟೀನನ್ನು ಹುಡುಕುತ್ತವೆ. ಎರಿಟ್ರಿಯಾ, ಇಥಿಯೋಪಿಯಾ, ಜಿಬೂಟಿಯ ಕಡೆ ಆ ಪ್ರೋಟೀನಿನ ಜೀನನ್ನೇ ಕಳೆದುಕೊಂಡ ರೋಗಾಣುಗಳು ಹರಡಿವೆ. ಅಲ್ಲಿ ಈ ಕಿಟ್ ರೋಗವಿದ್ದರೂ ‘ಇಲ್ಲ’ ಎನ್ನುತ್ತದೆ. ಆ ಸೀಮೆಗಳಿಗೆ ಬೇರೆ ಬಗೆಯ ಕಿಟ್ ಬೇಕು. ಔಷಧಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯ ಪೂರ್ವ ಅರ್ಹತೆ, ಅಂದರೆ ಗುಣಮಟ್ಟ ನೋಡಿ ಕೊಡುವ ಮಾನ್ಯತೆ, ಇರಲೇಬೇಕು ಎಂದು ಒಪ್ಪಂದದಲ್ಲಿ ಬರೆಯಿರಿ.

ಲಸಿಕೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. 2021ರಲ್ಲಿ ಆರ್‌ಟಿಎಸ್,ಎಸ್, 2023ರಲ್ಲಿ ಆರ್21 ಲಸಿಕೆಗೆ ಶಿಫಾರಸು ಸಿಕ್ಕಿತು, ಎರಡನೆಯದನ್ನು ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸುತ್ತದೆ. ಲಸಿಕೆ ಕೊಳ್ಳುವುದು ಸಣ್ಣ ನಿಧಿಯ ಕೆಲಸವಲ್ಲ. ಒಟ್ಟು ನಾಲ್ಕು ಡೋಸ್, ಕೊನೆಯದು ಬರುವುದು ಮಗು ಬೇರೆ ಲಸಿಕೆಗಳಿಗೆ ಬರುವುದು ನಿಂತ ಮೇಲೆ. ಆ ನಾಲ್ಕನೆಯ ಡೋಸಿಗೆ ಮಕ್ಕಳನ್ನು ಹುಡುಕಿ ಕರೆತರುವ ಕೆಲಸಕ್ಕೆ ಕೊಡಿ. ಮನೆಗೋಡೆಗೆ ಔಷಧ ಸಿಂಪಡಿಸುವುದೂ ಅಷ್ಟೇ: ಪರಿಣಾಮಕಾರಿ, ಆದರೆ ದುಬಾರಿ, ಪ್ರತಿ ವರ್ಷ ಮಾಡಬೇಕು. ಸಣ್ಣ ಕೈಗೆ ಎಟಕುವುದಲ್ಲ.

ಒಪ್ಪಂದ ಬರೆಯುವಾಗ ಕ್ಯಾಲೆಂಡರ್ ಪಕ್ಕದಲ್ಲಿರಲಿ

ನಾನು ಮಾಡುವುದು ಹೀಗೆ. ಒಂದು ಹಾಳೆಯ ಬಲತುದಿಯಲ್ಲಿ ಮಳೆಯ ತಿಂಗಳು ಬರೆಯುತ್ತೇನೆ. ಅಲ್ಲಿಂದ ಹಿಂದಕ್ಕೆ ಎಣಿಸುತ್ತೇನೆ. ಜುಲೈಯಲ್ಲಿ ಮೊದಲ ಸುತ್ತಿನ ಮಾತ್ರೆ ಎಂದರೆ ಜೂನ್‌ನಲ್ಲಿ ತರಬೇತಿ, ಮೇ ತಿಂಗಳೊಳಗೆ ಔಷಧ ಜಿಲ್ಲೆಯಲ್ಲಿ, ಅದಕ್ಕೂ ಮೊದಲು ಬಂದರು ಮತ್ತು ಸುಂಕದ ಕಾಗದಪತ್ರ, ಅದಕ್ಕೂ ಮೊದಲು ಹಡಗು, ಅದಕ್ಕೂ ಮೊದಲು ಕಾರ್ಖಾನೆಯ ಸರದಿ. ಹೀಗೆ ಎಣಿಸುತ್ತಾ ಹೋದರೆ ಖರೀದಿಯ ಆದೇಶ ಹಿಂದಿನ ವರ್ಷದ ಕೊನೆಯೊಳಗೆ ಹೋಗಿರಬೇಕು. ಅಂದರೆ ನೀವು ಹಣದ ಮಾತು ಕೊಡಬೇಕಾದದ್ದು ಅದಕ್ಕೂ ಮೊದಲು. ನಿಮ್ಮ ಸಮಿತಿ ಏಪ್ರಿಲ್‌ನಲ್ಲಿ ಸೇರಿ ಮಂಜೂರು ಮಾಡುವುದಾದರೆ ಅದು ಈ ಮಳೆಗಲ್ಲ, ಮುಂದಿನ ಮಳೆಗೆ. ಸಮಿತಿಯ ಸಭೆಯನ್ನೇ ಹಿಂದಕ್ಕೆ ತರುವುದು ಸುಲಭ. ನಾವು ಹಾಗೆ ತಂದೆವು.

ಎರಡನೆಯದಾಗಿ, ಬಾಬ್ತಿನಿಂದ ಬಾಬ್ತಿಗೆ ಹಣ ತಿರುಗಿಸುವ ಸ್ವಾತಂತ್ರ್ಯ. ಒಟ್ಟು ಮೊತ್ತದ ನೂರಕ್ಕೆ ಹದಿನೈದರವರೆಗೆ ನಮ್ಮನ್ನು ಕೇಳದೆ ತಿರುಗಿಸಬಹುದು, ಆಮೇಲೆ ಒಂದು ಪತ್ರ ಬರೆದು ತಿಳಿಸಿದರೆ ಸಾಕು ಎಂದು ನಮ್ಮ ಒಪ್ಪಂದದಲ್ಲಿ ಇದೆ. ಹದಿನೈದಕ್ಕಿಂತ ಹೆಚ್ಚಾದರೆ ಐದು ಕೆಲಸದ ದಿನದೊಳಗೆ ನಾವು ಉತ್ತರ ಕೊಡಬೇಕು, ಕೊಡದಿದ್ದರೆ ಒಪ್ಪಿಗೆ ಎಂದೇ ಅರ್ಥ. ಈ ಕೊನೆಯ ವಾಕ್ಯ ಸೇರಿಸಲು ನಾನು ಎರಡು ಸಭೆ ಜಗಳ ಆಡಿದ್ದೇನೆ. ಆ ಹನ್ನೊಂದು ವಾರ ನನ್ನ ಬೆನ್ನ ಹಿಂದೆ ನಿಂತಿತ್ತು.

ಮೂರನೆಯದು, ಅವಧಿ. ಒಂದು ವರ್ಷಕ್ಕೆ ಕೊಟ್ಟು ನೋಡೋಣ ಎನ್ನಬೇಡಿ. ಪರದೆಯನ್ನು ಮೂರು ವರ್ಷ ಬಾಳುವುದೆಂದು ಲೆಕ್ಕಕ್ಕೆ ಹಿಡಿಯುತ್ತಾರೆ, ಬಹಳ ಕಡೆ ಅದಕ್ಕೂ ಮೊದಲೇ ಹರಿಯುತ್ತದೆ. ಪ್ರಕರಣ ಇಳಿದ ಕೂಡಲೇ ಹಣ ಹಿಂತೆಗೆದರೆ ಏನಾಗುತ್ತದೆ ಎನ್ನುವುದಕ್ಕೆ ಶ್ರೀಲಂಕಾದ ಕಥೆ ಇದೆ. 1963ರಲ್ಲಿ ಆ ಇಡೀ ದೇಶದಲ್ಲಿ ದಾಖಲಾದದ್ದು 17 ಪ್ರಕರಣ. ಇನ್ನೇನು ಮುಗಿಯಿತು ಎಂದು ಸಿಂಪಡಣೆ ನಿಲ್ಲಿಸಿದರು, ಕಣ್ಗಾವಲು ಸಡಿಲವಾಯಿತು. 1968-69ರಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನ ಮಲಗಿದರು. ಮತ್ತೆ ದಶಕಗಳ ಕಾಲ ಬಿಡದೆ ದುಡಿದು 2016ರಲ್ಲಿ ಶ್ರೀಲಂಕಾ ಮಲೇರಿಯಾಮುಕ್ತ ಎಂಬ ಪ್ರಮಾಣಪತ್ರ ಪಡೆಯಿತು. 2012ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು 1930ರ ದಶಕದಿಂದ ಈಚೆಗೆ 61 ದೇಶಗಳಲ್ಲಿ ಮಲೇರಿಯಾ ಮರುಕಳಿಸಿದ 75 ಸಂದರ್ಭಗಳನ್ನು ಜೋಡಿಸಿ ನೋಡಿತು. 68ರಲ್ಲಿ ನಿಯಂತ್ರಣದ ಕೆಲಸ ಸಡಿಲವಾದದ್ದು ಕಾರಣ, ಸಡಿಲವಾಗಲು ಎಲ್ಲಕ್ಕಿಂತ ಹೆಚ್ಚಾಗಿ ಕಂಡದ್ದು ಹಣದ ಕೊರತೆ. 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನು ಒಮ್ಮೆಗೇ ತಡೆಹಿಡಿದಾಗ ಈ ಕೆಲಸ ಮಾಡುವವರೆಲ್ಲರ ಎದೆ ಧಸಕ್ಕೆಂದದ್ದು ಇದೇ ಕಾರಣಕ್ಕೆ.

ನೀವೂ ಒಂದಲ್ಲ ಒಂದು ದಿನ ನಿಲ್ಲಿಸಬೇಕಾಗುತ್ತದೆ, ತಪ್ಪಲ್ಲ. ಆದರೆ ಒಂದು ಪೂರ್ತಿ ಮಳೆಗಾಲ ಮುಂಚೆ ಲಿಖಿತವಾಗಿ ತಿಳಿಸುತ್ತೇವೆ ಎಂಬ ಮಾತನ್ನು ಒಪ್ಪಂದದ ಮೊದಲ ದಿನವೇ ಬರೆದುಕೊಡಿ.

ವರದಿಯಲ್ಲಿ ಏನು ಕೇಳಬೇಕು

‘ಇಷ್ಟು ಸಾವಿರ ಪರದೆ ಹಂಚಿದೆವು’ ಎಂಬುದು ಗೋದಾಮಿನ ಸುದ್ದಿ. ನಿಮಗೆ ಬೇಕಾದದ್ದು ಮನೆಯೊಳಗಿನ ಸುದ್ದಿ: ನಿನ್ನೆ ರಾತ್ರಿ ಈ ಮನೆಯಲ್ಲಿ ಯಾರು ಯಾರು ಪರದೆಯೊಳಗೆ ಮಲಗಿದ್ದರು? ಹಂಚಿದ ಆರು ತಿಂಗಳಿಗೆ, ಮತ್ತೆ ವರ್ಷಕ್ಕೆ, ಹಂಚಿದವರಲ್ಲದ ಬೇರೆಯವರು ಚೀಟಿ ಎತ್ತಿ ಆರಿಸಿದ ಮನೆಗಳಿಗೆ ಹೋಗಿ ಕೇಳಬೇಕು, ಒಳಗೆ ಹೋಗಿ ಕಟ್ಟಿರುವುದನ್ನು ಕಣ್ಣಿಂದ ನೋಡಬೇಕು. ಇದಕ್ಕೂ ಹಣ ಬೇಕು, ಅದನ್ನು ಮೊದಲೇ ಇಡಿ.

ಪ್ರಕರಣಗಳ ಸಂಖ್ಯೆ ನೋಡುವಾಗ ನಮ್ಮ ಸಮಿತಿಯೇ ಒಮ್ಮೆ ಎಡವುತ್ತಿತ್ತು. ಒಂದು ಜಿಲ್ಲೆಗೆ ಪರೀಕ್ಷಾ ಕಿಟ್ ಮತ್ತು ಹಳ್ಳಿಮಟ್ಟದ ಆರೋಗ್ಯ ಕಾರ್ಯಕರ್ತರಿಗೆ ಹಣ ಕೊಟ್ಟೆವು. ವರ್ಷದ ಕೊನೆಗೆ ಆ ಜಿಲ್ಲೆಯ ಮಲೇರಿಯಾ ಪ್ರಕರಣ ದುಪ್ಪಟ್ಟಾಗಿತ್ತು. ನಮ್ಮಲ್ಲಿ ಒಬ್ಬರು ನೆರವು ನಿಲ್ಲಿಸೋಣ ಎಂದರು. ಪರೀಕ್ಷೆಗಳ ಲೆಕ್ಕ ತೆಗೆಸಿದರೆ ಅದು ಮೂರು ಪಟ್ಟಿಗಿಂತ ಹೆಚ್ಚಾಗಿತ್ತು. ಪರೀಕ್ಷೆ ಮಾಡಿಸಿದವರಲ್ಲಿ ರೋಗ ಇದ್ದವರ ಪಾಲು ಇಳಿದಿತ್ತು. ಆಸ್ಪತ್ರೆಯ ವಾರ್ಡಿಗೆ ಸೇರಿದ ಮಕ್ಕಳೂ, ರಕ್ತ ಕೊಡಬೇಕಾದ ಮಕ್ಕಳೂ ಕಡಿಮೆಯಾಗಿದ್ದರು. ಮೊದಲು ಮನೆಯಲ್ಲೇ ನರಳುತ್ತಿದ್ದವರು ಈಗ ಎಣಿಕೆಗೆ ಸಿಕ್ಕಿದ್ದರು, ಅಷ್ಟೇ. ಅಂದಿನಿಂದ ಮೂರು ಸಂಖ್ಯೆಗಳನ್ನು ಜೊತೆಯಾಗಿಯೇ ಕೇಳುತ್ತೇವೆ: ಎಷ್ಟು ಪರೀಕ್ಷೆ, ಅದರಲ್ಲಿ ಎಷ್ಟು ಪಾಸಿಟಿವ್, ವಾರ್ಡಿಗೆ ಎಷ್ಟು ಮಕ್ಕಳು. ಜೊತೆಗೆ ಔಷಧ ಖಾಲಿಯಾಗಿದ್ದ ದಿನಗಳ ಎಣಿಕೆ.

ಇವೆಲ್ಲ ಬಹುಪಾಲು ದೇಶಗಳಲ್ಲಿ ಸರ್ಕಾರದ ಡಿಎಚ್‌ಐಎಸ್-2 ಎಂಬ ಆರೋಗ್ಯ ದತ್ತಾಂಶ ವ್ಯವಸ್ಥೆಯಲ್ಲಿ ಆಗಲೇ ದಾಖಲಾಗುತ್ತವೆ. ನಿಮಗಾಗಿ ಬೇರೆ ನಮೂನೆ ತುಂಬಿಸಬೇಡಿ. ಆ ನಮೂನೆ ತುಂಬುವವಳು ಅದೇ ನರ್ಸ್, ಹೊರಗೆ ಸಾಲು ನಿಂತಿರುತ್ತದೆ.

ಮೊತ್ತ ಸಣ್ಣದಿದ್ದರೆ, ನೇರವಾಗಿ ಜಿಲ್ಲೆಯೊಂದಿಗೆ ಒಪ್ಪಂದ ಮಾಡಿಕೊಳ್ಳುವಷ್ಟು ಪುರುಸೊತ್ತಿಲ್ಲದಿದ್ದರೆ, ಹೊಸ ಸಂಸ್ಥೆ ಕಟ್ಟಲು ಹೋಗಬೇಡಿ. ಪರದೆಗೆ ಅಗೇನ್ಸ್ಟ್ ಮಲೇರಿಯಾ ಫೌಂಡೇಶನ್, ಮಳೆಗಾಲದ ಮಾತ್ರೆಗೆ ಮಲೇರಿಯಾ ಕನ್ಸಾರ್ಷಿಯಂ ವರ್ಷಗಳಿಂದ ಲೆಕ್ಕ ತೆರೆದಿಟ್ಟು ಕೆಲಸ ಮಾಡುತ್ತಿವೆ. ಅವುಗಳಿಗೆ ಕೊಡಿ, ‘ಈ ಊರಿಗೇ ಆಗಬೇಕು’ ಎಂಬ ಷರತ್ತು ಹಾಕಬೇಡಿ, ಸಾಧ್ಯವಾದರೆ ಪ್ರತಿ ವರ್ಷ ಒಂದೇ ತಿಂಗಳಲ್ಲಿ ಕೊಡಿ. ಯಾವಾಗ ಎಷ್ಟು ಬರುತ್ತದೆ ಎಂದು ಗೊತ್ತಿದ್ದರೆ ಅವರು ಕಾರ್ಖಾನೆಗೆ ಮುಂಚಿತವಾಗಿ ಆದೇಶ ಕೊಡಬಲ್ಲರು.

ನೇರವಾಗಿ ಕೊಡುವವರಾದರೆ ಕೊನೆಯದಾಗಿ ನಮ್ಮಲ್ಲಿನ ಒಂದು ರೂಢಿ ಹೇಳುತ್ತೇನೆ. ಎರಡನೆಯ ಕಂತು ಬಿಡುಗಡೆ ಮಾಡುವ ಮೊದಲು ಉದ್ದದ ವರದಿ ಕೇಳುವುದಿಲ್ಲ. ಗೋದಾಮಿನ ಬಾಗಿಲ ಹಿಂದಿನ ದಾಸ್ತಾನು ಕಾರ್ಡಿನ ಫೋಟೊ ಒಂದನ್ನು ಕಳಿಸಿ ಎನ್ನುತ್ತೇವೆ. ‘ಹೋದದ್ದು’ ಕಾಲಮ್ಮಿನಲ್ಲಿ ದಿನಾಂಕ, ಊರಿನ ಹೆಸರು, ಪಡೆದವರ ಸಹಿ ಕಾಣಬೇಕು. ಕಂಡರೆ ಹಣ ಅದೇ ದಿನ ಹೋಗುತ್ತದೆ. ಕಾಲಂ ಖಾಲಿ ಇದ್ದರೆ ಆ ಸಂಜೆಯೇ ಫೋನ್ ಮಾಡಿ, ಲಾರಿಗೆ ಎಷ್ಟು ಬೇಕು ಎಂದು ಕೇಳುತ್ತೇನೆ.